ಪಾವತಿ ನಂಬರ್ ಒಂದು

ರಜಿಸ್ಟ್ರಾರ್ ಕಚೇರಿಯವರು ಕೊಟ್ಟ ಉಪವಿಧಿ
ಮರಾಠಿಯಲ್ಲಿತ್ತು, ನಲವತ್ತೆರಡು ಪುಟ.
ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲಿಟ್ಟೆವು,
ಇಲಿ ಎತ್ತದ ಹಾಗೆ, ಭಾರಕ್ಕೆ.
ನಾವು ನಡೆಸಿದ್ದು ಬೇರೆ ಕಲಮುಗಳನ್ನು:
ಹಳೇ ಕ್ಯಾಲೆಂಡರಿನ ಬೆನ್ನಿಗೆ ನನ್ನ ಸೊಟ್ಟ ಅಕ್ಷರ,
ಗುಲ್ಟೇಕಡಿಯ ಪತ್ರಾ ಶೆಡ್ಡಿನಲ್ಲಿ
ಒಂದೇ ಮೊಳೆಗೆ ತೂಗಿದ್ದು.

ಹಿಟ್ಟು ಎಲ್ಲರದು, ಸಿಲಿಂಡರು ಎಲ್ಲರದು.
ಹೆಂಚು ಮಾತ್ರ ಅವರವರದು,
ಕೈ ಬದಲಾದರೆ ರೊಟ್ಟಿ ಮುನಿಯುತ್ತದೆ.
ಉಬ್ಬದ ರೊಟ್ಟಿಯನ್ನು ಮಾರಬಾರದು; ಅದಕ್ಕಾಗಿ ಅಳಲೂಬಾರದು.
ಒಲೆ ಆರುವ ತನಕ ಸೊಸೆಯರ ಸುದ್ದಿ ಬೇಡ.
ಇದು ದಿನಾ ಮುರಿಯುವ ಕಲಮು,
ಮೊದಲು ಮುರಿಯುವವಳೇ ಖಜಾಂಚಿ ರಾಚವ್ವ,
ದಂಡ ಯಾರಿಂದ ವಸೂಲು ಮಾಡಲಿ?
ಹೇಳದೆ ತಪ್ಪಿಸಿದರೆ ದಿನಕ್ಕೆ ಹನ್ನೊಂದು ರೂಪಾಯಿ.
ಒಂಬತ್ತನೆಯದು ಕೆಂಪು ಶಾಯಿಯಲ್ಲಿ:
ಒಬ್ಬಳಿಗೆ ಒಂದು ಕೈ.

ಆಳಂದ ಕಡೆಯ ಗುರುಬಾಯಿ
ದಿನಕ್ಕೆ ನೂರ ಎಂಬತ್ತು ಬಡಿಯುವವಳು.
ಅವಳ ಬಡಿತಕ್ಕೆ ಮಾರ್ಕೆಟ್ ಯಾರ್ಡಿನ ಹಮಾಲರು
ಜೋಳದ ಚೀಲ ಹೊತ್ತೇ ಅರೆಗಳಿಗೆ ನಿಲ್ಲುವರು.
ವರ್ಷದ ಸಭೆಯಲ್ಲಿ ಎದ್ದು ಸೆರಗು ಸಿಕ್ಕಿಸಿ ಅಂದಳು:
‘ಅರ್ಧಾ ಶೆಡ್ಡು ನನ್ನ ರಟ್ಟಿ ಮ್ಯಾಲ ನಿಂತದ.
ಲೆಕ್ಕದಾಗ ನನಗ ಎರಡು ಕೈ ಹಾಕ್ರಿ.
ಬಡಿಯೋರಿಗೂ ಒಂದಽ, ಕುಂತೋರಿಗೂ ಒಂದಽ ಅಂದ್ರ
ಇದ್ಯಾತರ ನ್ಯಾಯ?’

ಕುಂತವರು ಯಾರೆಂದು ಹೇಳಲಿಲ್ಲ.
ಹಿಂದೆ ಕಂಬಕ್ಕೊರಗಿ ಮೆಹಬೂಬ್ಬಿ,
ಬಲಗೈ ಸುಟ್ಟು ಇಪ್ಪತ್ತು ದಿನ,
ಬ್ಯಾಂಡೇಜಿನ ಬಿಳಿ ಎಲ್ಲರಿಗೂ ಕಾಣುತ್ತಿತ್ತು.

ಠರಾವು ಮುಂದಿಟ್ಟೆ.
ಎರಡು ಕೈ ಬೇಕೆನ್ನುವವರು?
ಗುರುಬಾಯಿ ಎರಡೂ ಎತ್ತಿದಳು. ಯಾರೋ ಕಿಸಕ್ಕೆಂದರು.
ಅವಳ ತಂಗಿಯ ಮಗಳು ಕಾಲುಂಗುರ ನೋಡಿಕೊಂಡಳು.
ಬೇಡವೆನ್ನುವವರು?
ಬಿರುಕು ಬಿಟ್ಟ ಕೈ, ಹಚ್ಚೆಯ ಕೈ, ಉಗುರಲ್ಲಿ ಹಿಟ್ಟು ಒಣಗಿದ ಕೈ.
ಕಡೆಗೆ, ತಡವಾಗಿ, ಒಂದು ಎಡಗೈ,
ಯಾವತ್ತೂ ರೊಟ್ಟಿ ತಿರುವಿ ಹಾಕದ್ದು,
ಎಷ್ಟು ಎತ್ತರಕ್ಕೆ ಎತ್ತಬೇಕೆಂದು ಗೊತ್ತಿಲ್ಲದ್ದು.
ಹದಿನಾಲ್ಕು, ಎಂದು ಬರೆದೆ.

ಹದಿನಾರು ಜನ ನಾವು.
ಕಾರ್ಯದರ್ಶಿಗೂ ಒಂದು ಕೈ ಉಂಟು, ಅದು ಪೆನ್ನು ಹಿಡಿದಿತ್ತು.
ಗುರುಬಾಯಿ ಮುನಿದರೆ ಸದಾಶಿವ ಪೇಟೆಯ ಹಾಸ್ಟೆಲ್ಲು
ಬೇರೆ ಕಡೆ ಹೋದೀತೆಂದು ನಾನು ಅದನ್ನು ಎತ್ತಲಿಲ್ಲ,
ಆ ಕಡೆಗೂ, ಈ ಕಡೆಗೂ.
ನಡಾವಳಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ನಾಲ್ಕು ದಿನ ಅವಳು ಬರಲಿಲ್ಲ.
ಅವಳ ಪಾಲು ಹಂಚಿಕೊಂಡು ಬಡಿದೆವು, ರಟ್ಟೆ ಬಿದ್ದುಹೋದವು.
ಮೂರನೇ ದಿನ ಹಾಸ್ಟೆಲ್ಲಿನ ಹುಡುಗರು,
ಎಂಪಿಎಸ್ಸಿ ಓದುವವರು, ಅನ್ನ ಉಂಡರು.
ಫೋನಿನಲ್ಲಿ ಬೈಗುಳ ತಿಂದವಳು ನಾನು.

ಐದನೇ ದಿನ, ಕೀಲಿ ತೆಗೆಯುವ ಮೊದಲೇ
ಮೆಟ್ಟಿಲ ಮೇಲೆ ಕೂತಿದ್ದಳು.
‘ನಾಕು ಹನ್ನೊಂದ್ಲೆ ನಲವತ್ನಾಕು. ಎಣಿಸ್ಕೊ.’
ಇರಲಿ ಬಿಡಕ್ಕಾ, ಅಂದೆ.
‘ಯಾಕ ಬಿಡಬೇಕು?
ಒಬ್ಬಾಕಿಗೆ ಒಂದು ಅಂತ ಬರದಾಕಿ ನೀನಽ.
ದಂಡಕ್ಕೊಂದು ನಿಯಮ, ಕೈಗೊಂದು ನಿಯಮ ಏನು?
ಪಾವತಿ ಹರಿ.’

ಪಾವತಿ ಪುಸ್ತಕ ಹುಡುಕಲು ಹೊತ್ತು ಹಿಡಿಯಿತು.
ಮೂರು ವರ್ಷದ ಹಿಂದೆ ಕೊಂಡದ್ದು, ಇನ್ನೂ ರಟ್ಟು ಮಡಚಿರಲಿಲ್ಲ.
ನಂಬರ್ ಒಂದು. ಕಾರ್ಬನ್ ಇಟ್ಟು ಒತ್ತಿ ಬರೆದೆ.
ಓದಲು ಬಾರದವಳು ಬೆಳಕಿಗೆ ಹಿಡಿದು ನೋಡಿ
ಎಲೆಅಡಿಕೆಯ ಸಂಚಿಯಲ್ಲಿಟ್ಟುಕೊಂಡಳು.

ಆಮೇಲೆ ತನ್ನ ಹೆಂಚು ಒರೆಸಿದಳು.
ಹಿಟ್ಟಿನ ಪರಾತವನ್ನು ಕಾಲಲ್ಲಿ
ಕಂಬದ ಕಡೆ ಸರಿಸಿ, ಮುಖ ನೋಡದೆ ಕೇಳಿದಳು:
‘ಆ ಎಡಗೈಲೆ ನಾದ್ತೀಯೋ,
ಬರೇ ಎತ್ತತೀಯೋ?’